ಪದರ ಮುರಿದಿದೆ: ಕೆಳಗೆ ಕಲ್ಲು ಕರಗಿತೋ, ನೆಲವೇ ಸೀಳಿತೋ?

ಸ್ಪೇನಿನ ಸರಗೋಸಾ ನಗರದ ಸುತ್ತ ಎಬ್ರೊ ನದಿ ಲಕ್ಷಾಂತರ ವರ್ಷಗಳಲ್ಲಿ ಬಿಟ್ಟುಹೋದ ಜಲ್ಲಿಯ ದಂಡೆಗಳಿವೆ. ಕಟ್ಟಡಕ್ಕೆಂದು ಜಲ್ಲಿ ಅಗೆದ ಕಡೆಗಳಲ್ಲಿ ಎತ್ತರದ ಗೋಡೆಗಳು ಉಳಿದಿವೆ. ಅಂಥ ಗೋಡೆಯ ಮುಂದೆ ನಿಂತವರ ಕಣ್ಣಿಗೆ ಬೀಳುವ ದೃಶ್ಯವೊಂದಿದೆ: ತೆಳು ಬಣ್ಣದ ಮರಳಿನ ಪದರವೊಂದು ನೇರವಾಗಿ ಬಂದು ಥಟ್ಟನೆ ತುಂಡಾಗಿ, ಎರಡು ಮೀಟರ್ ಕೆಳಗಿನಿಂದ ಮತ್ತೆ ಮುಂದುವರಿಯುತ್ತದೆ. ಪಠ್ಯಪುಸ್ತಕದ ಚಿತ್ರದಷ್ಟೇ ಸ್ಪಷ್ಟವಾದ ಸ್ತರಭಂಗ. ಟಿಪ್ಪಣಿ ಪುಸ್ತಕ ತೆಗೆದು 'ಸಕ್ರಿಯ ಸ್ತರಭಂಗ, ಭೂಕಂಪದ ಗುರುತು' ಎಂದು ಬರೆಯಲು ಕೈ ತುರಿಸುತ್ತದೆ.

ಬರೆಯಬೇಡಿ. ಆ ಜಲ್ಲಿಯ ಅಡಿಯಲ್ಲಿರುವುದು ಜಿಪ್ಸಮ್, ಕಲ್ಲುಪ್ಪು, ಗ್ಲಾಬರೈಟ್ ಎಂಬ ಕರಗುವ ಖನಿಜಗಳ ದಪ್ಪ ಪದರ. ನೀರು ಹರಿದಲ್ಲೆಲ್ಲ ಅದು ಕರಗುತ್ತದೆ. ಕೆಳಗೆ ಜಾಗ ಖಾಲಿಯಾದಂತೆ ಮೇಲಿನ ಜಲ್ಲಿ ಬಾಗುತ್ತದೆ, ಸೀಳುತ್ತದೆ, ಕುಸಿಯುತ್ತದೆ. ಹೀಗೆ ಕರಗುವ ಕಲ್ಲಿನಿಂದಾಗುವ ಕುಸಿತಕ್ಕೆ ಕಾರ್ಸ್ಟ್ ಕುಸಿತ ಎಂದು ಹೆಸರು. ಭೂಮಿಯ ಹೊರಪದರವೇ ಒತ್ತಡಕ್ಕೆ ಮುರಿದಾಗ ಆಗುವ ಸ್ತರಭಂಗ ಬೇರೆ. ಒಂದೆರಡು ಮೀಟರ್ ಗೋಡೆಯಲ್ಲಿ ನೋಡಿದರೆ ಇವೆರಡೂ ಅವಳಿಗಳಂತೆ ಕಾಣುತ್ತವೆ.

ತಪ್ಪಿದರೆ ಬೆಲೆ ತೆರಬೇಕಾಗುತ್ತದೆ. ಕಾರ್ಸ್ಟ್ ಕುಸಿತವನ್ನು ಭೂಕಂಪದ ಸ್ತರಭಂಗವೆಂದು ಬಗೆದರೆ ಇಲ್ಲದ ಭೂಕಂಪದ ಲೆಕ್ಕ ಹಾಕಿ ಅಣೆಕಟ್ಟೆ, ಸೇತುವೆಗಳ ವಿನ್ಯಾಸ ಬದಲಿಸುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 'ಇದು ಸಾವಿರಾರು ವರ್ಷಕ್ಕೊಮ್ಮೆ ಅಲುಗುವ ಸ್ತರಭಂಗ' ಎಂದು ನಿಶ್ಚಿಂತರಾಗಿ ಕಟ್ಟಿದ ಮನೆಯ ಕೆಳಗೆ ನೆಲ ವರ್ಷ ವರ್ಷವೂ ಸೆಂಟಿಮೀಟರ್ ಲೆಕ್ಕದಲ್ಲಿ ಇಳಿಯುತ್ತಿರಬಹುದು. ನಿಜವಾದ ಸ್ತರಭಂಗವನ್ನು 'ಸ್ಥಳೀಯ ಕುಸಿತ' ಎಂದು ತಳ್ಳಿಹಾಕಿದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಿಲ್ಲ.

ಕೆಳಗಿನ ಕ್ರಮ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭವಾಗುತ್ತದೆ. ಮೊದಲ ನಾಲ್ಕೈದಕ್ಕೆ ಒಂದು ನಕ್ಷೆ, ದಿಕ್ಸೂಚಿ, ಅಳತೆ ಪಟ್ಟಿ, ಮೊಳೆ, ಸ್ವಲ್ಪ ನಿಂಬೆರಸ ಮತ್ತು ನಡೆಯುವ ಕಾಲು ಸಾಕು.

ಗೋಡೆಯ ಹತ್ತಿರ ಹೋಗುವ ಮುನ್ನ

ಜಲ್ಲಿಗೋಡೆಗಳು ಎಚ್ಚರಿಕೆ ಕೊಟ್ಟು ಬೀಳುವುದಿಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯ ಮಟ್ಟಕ್ಕೆ ಹೂತವರು ಕೂಡ ಉಸಿರಾಡಲಾಗದೆ ಸಾಯುತ್ತಾರೆ. ಗೋಡೆಯ ಎತ್ತರದಷ್ಟಾದರೂ ದೂರ ನಿಂತು ಮೊದಲು ಫೋಟೊ ತೆಗೆಯಿರಿ, ಬುಡದಲ್ಲಿ ಹೊಸದಾಗಿ ಉದುರಿದ ಜಲ್ಲಿ ಇದೆಯೇ ನೋಡಿ. ಮುಂದಕ್ಕೆ ಚಾಚಿದ ತಲೆಯ ಕೆಳಗೆ ನಿಲ್ಲಬೇಡಿ. ಮಳೆ ಬಂದ ಮರುದಿನ ಹೋಗಬೇಡಿ. ಕ್ವಾರಿಯ ಮಾಲೀಕರ ಅನುಮತಿ, ತಲೆಗೆ ಹೆಲ್ಮೆಟ್, ಜೊತೆಗೊಬ್ಬರು ಇರಲೇಬೇಕು.

ನೆಲದಲ್ಲಿ ಹೊಸದಾಗಿ ಬಿದ್ದ ಗುಂಡಿಯಾದರೆ ಅಂಚಿಗೆ ಹೋಗಲೇಬಾರದು. ಹೊರಗೆ ಕಾಣುವ ಬಾಯಿಗಿಂತ ಒಳಗಿನ ಹೊಟ್ಟೆ ದೊಡ್ಡದಾಗಿರುತ್ತದೆ. ನೀವು ಗಟ್ಟಿ ನೆಲವೆಂದು ನಿಂತದ್ದು ಬರಿಯ ಸೂರು ಆಗಿರಬಹುದು.

ಮೊದಲ ಪ್ರಶ್ನೆ: ಕೆಳಗೆ ಕರಗುವಂಥದ್ದು ಏನಿದೆ?

ಇದು ಮನೆಯಲ್ಲೇ ಕುಳಿತು ಮಾಡಬಹುದಾದ ಪರೀಕ್ಷೆ. ಆಶ್ಚರ್ಯವೆಂದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಭೂವೈಜ್ಞಾನಿಕ ನಕ್ಷೆ ತೆಗೆದು ಆ ಜಾಗದ ಅಡಿಯಲ್ಲಿ ಯಾವ ಕಲ್ಲಿದೆ ಎಂದು ನೋಡಿ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಕಲ್ಲುಪ್ಪನ್ನೂ ಸುಮಾರು 2.4 ಗ್ರಾಂ ಜಿಪ್ಸಮನ್ನೂ ಕರಗಿಸಿಕೊಳ್ಳಬಲ್ಲದು. ಸುಣ್ಣದ ಕಲ್ಲು ಬರಿಯ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಹುಳಿಯಾದ ನೀರು ಬೇಕು, ಆಗಲೂ ಕರಗುವುದು ಲೀಟರಿಗೆ ಗ್ರಾಮಿನ ಒಂದಂಶ ಮಾತ್ರ. ಹಾಗಾಗಿ ಉಪ್ಪಿನ ಮೇಲಿನ ನೆಲ ನಮ್ಮ ಕಣ್ಣೆದುರೇ ಕುಸಿಯುತ್ತದೆ, ಜಿಪ್ಸಮ್ ಮೇಲಿನದು ಒಂದು ತಲೆಮಾರಿನ ಅವಧಿಯಲ್ಲಿ ಕುಸಿಯಬಹುದು. ಸುಣ್ಣದ ಕಲ್ಲಿನ ಗುಹೆಗೆ ಸಾವಿರ, ಲಕ್ಷ ವರ್ಷಗಳು ಬೇಕು. ಆದರೆ ಹಳೆಯ ಗುಹೆಯ ಮೇಲಿನ ಮಣ್ಣು ಒಂದೇ ಮಳೆಗೆ ಒಳಗೆ ಸುರಿದುಹೋಗಬಹುದು.

ಸ್ಥಳದಲ್ಲಿ ಕಲ್ಲು ಸಿಕ್ಕರೆ ಉಗುರಿನಿಂದ ಗೀರಿ. ಗೀರು ಬಿದ್ದರೆ ಜಿಪ್ಸಮ್ ಇರಬಹುದು. ಗೀರು ಬೀಳದಿದ್ದರೆ ಮೊಳೆಯಿಂದ ಪುಡಿ ಕೆರೆದು ಅದರ ಮೇಲೆ ನಿಂಬೆರಸ ಬಿಡಿ. ನೊರೆ ಎದ್ದರೆ ಸುಣ್ಣದ ಕಲ್ಲು.

ಅಡಿಯಲ್ಲಿರುವುದು ಗ್ರಾನೈಟ್ ಅಥವಾ ಬಸಾಲ್ಟ್ ಮಾತ್ರವೇ, ನೂರಾರು ಮೀಟರ್ ಆಳದವರೆಗೂ ಕರಗುವಂಥದ್ದೇನೂ ಇಲ್ಲವೇ? ಕಾರ್ಸ್ಟ್ ಎಂಬ ಉತ್ತರವನ್ನು ಬದಿಗಿಡಿ. ಆದರೆ ಹಳೆಯ ಗಣಿ ಸುರಂಗ, ಭೂಕುಸಿತ, ಅತಿಯಾಗಿ ಅಂತರ್ಜಲ ಎತ್ತಿದ್ದರಿಂದ ಮಣ್ಣು ಕುಗ್ಗಿದ್ದು ಇವೆಲ್ಲ ಪಟ್ಟಿಯಲ್ಲಿ ಉಳಿಯುತ್ತವೆ. ಕರಗುವ ಕಲ್ಲು ಇದ್ದರೆ ಅದೇ ಉತ್ತರವೆಂದೂ ತೀರ್ಮಾನಿಸಬೇಡಿ. ಸ್ತರಭಂಗಗಳು ಸುಣ್ಣದ ಕಲ್ಲನ್ನು ನೋಡಿ ಪಕ್ಕಕ್ಕೆ ಸರಿಯುವುದಿಲ್ಲ.

ಲಕ್ಷಣ: ಪಲ್ಲಟ ದೊಡ್ಡದು, ಬಿರುಕು ಮಾತ್ರ ಗಿಡ್ಡ

ಗೋಡೆಯಲ್ಲಿ ಎರಡು ಮೀಟರ್ ಪಲ್ಲಟ, ಅಂದರೆ ಒಂದೇ ಪದರದ ಎರಡು ತುಂಡುಗಳ ನಡುವಿನ ಸರಿತ, ಕಂಡಿತು. ಈಗ ಗೋಡೆಯನ್ನು ಬಿಟ್ಟು ಮೇಲಿನ ಬಯಲಿನಲ್ಲಿ ಅದೇ ಗೆರೆಯನ್ನು ಹಿಡಿದು ನಡೆಯಿರಿ. ಎದುರು ಗೋಡೆಯಲ್ಲಿ, ಪಕ್ಕದ ಕಾಲುವೆಯ ದಡದಲ್ಲಿ, ಮುಂದಿನ ಕ್ವಾರಿಯಲ್ಲಿ ಅದು ಸಿಗುತ್ತದೆಯೇ?

ಒಂದೇ ಭೂಕಂಪದಲ್ಲಿ ನೆಲ ಒಂದೆರಡು ಮೀಟರ್ ಜಾರಬೇಕಾದರೆ ಸಾಮಾನ್ಯವಾಗಿ ಹತ್ತಾರು ಕಿಲೋಮೀಟರ್ ಉದ್ದದ ಸ್ತರಭಂಗ ಬೇಕು. ನೂರು ಮೀಟರ್ ನಡೆಯುವಷ್ಟರಲ್ಲಿ ಎರಡು ಮೀಟರಿನ ಪಲ್ಲಟ ಸೊನ್ನೆಯಾಗಿಬಿಟ್ಟರೆ ಅಷ್ಟು ಶಕ್ತಿ ಬಂದದ್ದೆಲ್ಲಿಂದ? ಕಾರ್ಸ್ಟ್ ಗುಂಡಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಗುರುತ್ವ, ಗುಂಡಿಯ ಅಗಲವಿದ್ದಷ್ಟೇ ಬಿರುಕಿನ ಉದ್ದ.

ಹೋಲಿಕೆಗೆ ಸರಗೋಸಾದ ದಕ್ಷಿಣಕ್ಕಿರುವ ತೆರುಯೆಲ್ ಊರಿಗೆ ಹೋಗಬಹುದು. ಅಲ್ಲಿನ ಕೊನ್ಕುದ್ ಸ್ತರಭಂಗ ಸುಮಾರು 13-14 ಕಿಲೋಮೀಟರ್ ಉದ್ದವಾಗಿದೆ, ವಾಯವ್ಯ-ಆಗ್ನೇಯ ದಿಕ್ಕನ್ನು ಬಿಟ್ಟು ಹೆಚ್ಚು ಅಲೆಯುವುದಿಲ್ಲ. ಕಂದಕ ತೋಡಿ ನಡೆಸಿದ ಅಧ್ಯಯನಗಳ ಪ್ರಕಾರ ಅದು ವರ್ಷಕ್ಕೆ ಮಿಲಿಮೀಟರಿನ ಒಂದಂಶದಷ್ಟು ಮಾತ್ರ, ಅದೂ ದೀರ್ಘಾವಧಿಯ ಸರಾಸರಿಯಲ್ಲಿ, ಜಾರುತ್ತ ಬಂದಿದೆ. ಎಷ್ಟು ಕಂದಕ ತೋಡಿದರೂ ಕಥೆ ಒಂದೇ. ಕಾರ್ಸ್ಟ್ ಕುಸಿತದಲ್ಲಿ ಪಕ್ಕಪಕ್ಕದ ಎರಡು ಕಂದಕಗಳು ಎರಡು ಬೇರೆ ಕಥೆ ಹೇಳುತ್ತವೆ.

ಆದರೂ ಉದ್ದವೊಂದನ್ನೇ ನಂಬುವವರಿಗೆ ನಮ್ಮ ಪಕ್ಕದ ಊರೇ ಉತ್ತರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲಾರಿಯಲ್ಲಿ 6.2 ಪ್ರಮಾಣದ ಭೂಕಂಪವಾಗಿ ಸುಮಾರು 10,000 ಜನ ಸತ್ತರು. ಬೀದರ, ಕಲಬುರಗಿಯಲ್ಲೂ ನೆಲ ನಡುಗಿತು. ಅಷ್ಟು ದೊಡ್ಡ ಅನಾಹುತ ನೆಲದ ಮೇಲೆ ಬಿಟ್ಟ ಗುರುತು ಮಾತ್ರ ತುಂಡುತುಂಡಾದ, ಕೆಲವೇ ಕಿಲೋಮೀಟರಿನ ಗೆರೆ. ಖಂಡದ ಒಳನಾಡಿನ ಭೂಕಂಪಗಳು ಹೀಗೆ ಜಿಪುಣವಾಗಿರುತ್ತವೆ. ಗೆರೆ ಗಿಡ್ಡವೆಂದ ಮಾತ್ರಕ್ಕೆ ಕಾರ್ಸ್ಟ್ ಅಲ್ಲ. ಆದರೆ ಕಿಲಾರಿಯ ಅಡಿಯಲ್ಲಿರುವುದು ದಖ್ಖನ್ ಬಸಾಲ್ಟ್. ಮೊದಲ ಪ್ರಶ್ನೆಯಲ್ಲೇ ಅದು ಕಾರ್ಸ್ಟ್ ಪಟ್ಟಿಯಿಂದ ಹೊರಬಿದ್ದಿರುತ್ತದೆ. ಒಂದು ಪರೀಕ್ಷೆ ಎಡವಿದಲ್ಲಿ ಇನ್ನೊಂದು ಕೈಹಿಡಿಯುತ್ತದೆ, ಅದಕ್ಕೇ ಕ್ರಮ ತಪ್ಪಿಸಬಾರದು.

ಲಕ್ಷಣ: ಗೆರೆ ಬಳೆಯಂತೆ ಬಾಗಿದೆ

ಮೇಲಿನಿಂದ ನೋಡಿದಾಗ ಬಿರುಕು ಕಮಾನಿನಂತೆ ತಿರುಗಿ ತನ್ನನ್ನೇ ಹುಡುಕಿಕೊಂಡು ಬಂದರೆ ಸಂಶಯ ಬಹುಪಾಲು ಮುಗಿಯಿತು. ಉಪಗ್ರಹ ಚಿತ್ರ, ಹಳೆಯ ವಿಮಾನ ಛಾಯಾಚಿತ್ರಗಳಲ್ಲಿ ಇದು ಸುಲಭವಾಗಿ ಕಾಣುತ್ತದೆ. ಒಂದೊಂದು ಕಡೆಯಲ್ಲೂ ಪದರಗಳ ಓರೆಯನ್ನು ದಿಕ್ಸೂಚಿಯಲ್ಲಿ ಅಳೆದು ನಕ್ಷೆಯ ಮೇಲೆ ಬಾಣ ಹಾಕಿ. ಎಲ್ಲ ಬಾಣಗಳೂ ಒಂದೇ ನಡುವಿನತ್ತ ತಿರುಗಿದ್ದರೆ ನೀವು ನಿಂತಿರುವುದು ಮಣ್ಣಿನ ಬಾಣಲೆಯ ಅಂಚಿನಲ್ಲಿ.

ಇಂಥ ಬಾಣಲೆಗಳಲ್ಲಿ ಇನ್ನೊಂದು ಗಮ್ಮತ್ತಿದೆ. ಹಗ್ಗದ ಮಂಚದ ನಡುವೆ ಯಾರಾದರೂ ಕುಳಿತಾಗ ಆಗುವಂತೆ ಪದರಗಳು ನಡುವಿಗೆ ಜಗ್ಗುತ್ತವೆ. ಅಂಚುಗಳಲ್ಲಿ ನೆಲ ಹಿಗ್ಗಿ ಬಾಯಿಬಿಟ್ಟ ಬಿರುಕುಗಳು ಏಳುತ್ತವೆ, ನಡುವೆ ಮಣ್ಣು ಒತ್ತಿಕೊಂಡು ಸಣ್ಣ ಮಡಿಕೆಗಳಾಗುತ್ತವೆ. ನಡುವಿನ ಮಡಿಕೆಯನ್ನಷ್ಟೇ ನೋಡಿದವರು ಖಂಡಗಳ ಒತ್ತಡ ಎನ್ನುತ್ತಾರೆ, ಅಂಚಿನ ಬಿರುಕು ನೋಡಿದವರು ಎಳೆತ ಎನ್ನುತ್ತಾರೆ. ಐವತ್ತು ಮೀಟರ್ ಅಂತರದಲ್ಲಿ ಎರಡೂ ಇದ್ದರೆ ಕಾರಣ ಆಳದ ಹೊರಪದರದಲ್ಲಿಲ್ಲ, ಕಾಲಕೆಳಗೇ ಇದೆ.

ಲಕ್ಷಣ: ವಿಲೋಮ ಸ್ತರಭಂಗ ಕಂಡಿದೆ

ಅನುಭವಿಗಳೂ ಜಾರಿಬೀಳುವುದು ಇಲ್ಲೇ. ಇಕ್ಕೆಲದಿಂದ ಒತ್ತಡ ಬಿದ್ದಾಗ ಒಂದು ಬದಿ ಇನ್ನೊಂದರ ಮೇಲೇರುವುದು ವಿಲೋಮ ಸ್ತರಭಂಗ. ಕುಸಿತದಲ್ಲಿ ಎಲ್ಲವೂ ಕೆಳಗೆ ಬೀಳುತ್ತದೆಯಲ್ಲ, ಮೇಲೇರುವುದು ಏನಿದೆ? ಹಾಗಾಗಿ ವಿಲೋಮ ಸ್ತರಭಂಗ ಕಂಡರೆ ಕಾರ್ಸ್ಟ್ ಅಲ್ಲ ಎಂಬ ತರ್ಕ ಬಹಳ ಸರಳವಾಗಿ ಹುಟ್ಟುತ್ತದೆ. ಈ ತರ್ಕ ತಪ್ಪು.

ಒಂದು ಬಟ್ಟಲನ್ನು ಬೋರಲು ಹಾಕಿ ನೋಡಿ: ಮೇಲೆ ಕಿರಿದು, ಕೆಳಗೆ ಅಗಲ. ಸ್ವಲ್ಪ ಗಟ್ಟಿಯಾದ ಮಣ್ಣಿನ ಕೆಳಗೆ ಟೊಳ್ಳಾದಾಗ ಬೀಳುವ ತುಂಡಿನ ಆಕಾರ ಬಹಳ ಸಲ ಇದೇ. ಅದರ ಸುತ್ತಲಿನ ಬಿರುಕುಗಳು ಹೊರಮುಖವಾಗಿ ಓರೆಯಾಗಿರುತ್ತವೆ. ನಡುವಿನ ತುಂಡು ನೇರ ಕೆಳಗಿಳಿದರೆ ಹೊರಗಿನ ಗೋಡೆ ಅದರ ಮೇಲೆ ಚಾಚಿಕೊಂಡು ನಿಲ್ಲುತ್ತದೆ. ಒಂದು ಬದಿಯ ಗೋಡೆಯನ್ನಷ್ಟೇ ನೋಡಿದವರಿಗೆ ಹೊರಬದಿ ಒಳಬದಿಯ ಮೇಲೆ ಏರಿದಂತೆ ಕಾಣುತ್ತದೆ. ಯಾರೂ ಏರಿಲ್ಲ, ಒಬ್ಬರು ಇಳಿದಿದ್ದಾರೆ ಅಷ್ಟೆ.

ಪರೀಕ್ಷೆ ಹೀಗೆ. ಎದುರು ಬದಿಗೆ ಹೋಗಿ. ಕನ್ನಡಿಯಲ್ಲಿ ಕಂಡಂತೆ ಅಲ್ಲೂ ವಿಲೋಮ ಸ್ತರಭಂಗವಿದ್ದು, ಅದರ ಓರೆಯೂ ಹೊರಮುಖವಾಗಿದ್ದರೆ ಅದು ಕುಸಿದ ತುಂಡಿನ ಇನ್ನೊಂದು ಬದಿ. ಓರೆಯ ಕೋನವನ್ನೂ ಅಳೆಯಿರಿ. ಒತ್ತಡದಿಂದಾದ ವಿಲೋಮ ಸ್ತರಭಂಗಗಳು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿ ಮಲಗಿರುತ್ತವೆ. ಕುಸಿತದವು 70-80 ಡಿಗ್ರಿಯಲ್ಲಿ, ಕೆಲವು ಗೋಡೆಯಷ್ಟೇ ನೆಟ್ಟಗೆ ನಿಂತಿರುತ್ತವೆ. ಇದೂ ಕಟ್ಟುನಿಟ್ಟಿನ ನಿಯಮವಲ್ಲ, ಹಳೆಯ ಸ್ತರಭಂಗ ಮರುಜೀವ ಪಡೆದಾಗ ಕೋನ ಕಡಿದಾಗಿಯೂ ಇರಬಹುದು. ಕೊನೆಯದಾಗಿ ಸುತ್ತಲಿನ ಪ್ರದೇಶ ನೋಡಿ. ಎಬ್ರೊ ಕಣಿವೆಯ ನಡುಭಾಗದಲ್ಲಿ ಜಿಪ್ಸಮ್ ಪದರಗಳು ಮೈಲುಗಟ್ಟಲೆ ಹೆಚ್ಚುಕಡಿಮೆ ಸಪಾಟಾಗಿ ಮಲಗಿವೆ. ಕೋಟ್ಯಂತರ ವರ್ಷಗಳಲ್ಲಿ ಆ ಗಟ್ಟಿ ಕಲ್ಲನ್ನು ಮಡಿಸದ ಒತ್ತಡ, ನಿನ್ನೆ ಮೊನ್ನೆಯ ಜಲ್ಲಿಯನ್ನು ಮಾತ್ರ ಮಡಿಸಿತು ಎಂದರೆ ನಂಬುವುದು ಕಷ್ಟ.

ಲಕ್ಷಣ: ಬಿರುಕು ಕೆಳಗೆ ಎಲ್ಲೋ ಮಾಯವಾಗುತ್ತದೆ

ನನಗೆ ಒಂದೇ ಒಂದು ಪರೀಕ್ಷೆ ಮಾಡಲು ಅವಕಾಶ ಕೊಟ್ಟರೆ ಇದನ್ನೇ ಆರಿಸಿಕೊಳ್ಳುತ್ತೇನೆ: ಬಿರುಕಿನ ಬೇರು ಎಲ್ಲಿದೆ?

ಹೊರಪದರದ ಸ್ತರಭಂಗ ಆಳದಿಂದ ಮೇಲೆ ಬಂದದ್ದು. ಕೆಳಗೆ ಹೋದಂತೆ ಅದು ಮುಂದುವರಿಯಲೇಬೇಕು. ಪದರಗಳು ಹಳೆಯದಾದಂತೆ ಹೆಚ್ಚು ಭೂಕಂಪಗಳನ್ನು ಕಂಡಿರುವುದರಿಂದ ಅವುಗಳ ಪಲ್ಲಟವೂ ಹೆಚ್ಚಬೇಕು. ಕಾರ್ಸ್ಟ್ ಕುಸಿತದ ಬೇರು ಕರಗಿದ ಪದರದಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಎಲ್ಲವೂ ಚೂರುಚೂರು. ಅದರ ಕೆಳಗಿನ ಪದರ ಮಾತ್ರ ಏನೂ ಆಗದಂತೆ ಸಪಾಟಾಗಿ ಮಲಗಿರುತ್ತದೆ. ಚಾವಣಿ ಬಿದ್ದ ಮನೆಯ ನೆಲಗಟ್ಟು ಬಿರುಕು ಬಿಡದಂತೆ.

ಇದನ್ನು ಕರ್ನಾಟಕದಲ್ಲೇ ಅರ್ಥಮಾಡಿಕೊಳ್ಳಬಹುದು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾ ಜಲಾನಯನದಲ್ಲಿ, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಸೀಮೆಯಲ್ಲಿ, ಸುಣ್ಣದ ಕಲ್ಲಿನ ಪದರಗಳು ಬಹುಪಾಲು ಕಡೆ ಸಪಾಟಾಗಿವೆ. ಕರಗಬಲ್ಲ ಕಲ್ಲು, ಸರಿ. ಆದರೆ ಯುರೇನಿಯಂ ನಿಕ್ಷೇಪದಿಂದ ಹೆಸರಾದ ಗೋಗಿಯ ಬಳಿ ಹಾದುಹೋಗುವ ಪುರಾತನ ಸ್ತರಭಂಗ ಸುಣ್ಣದ ಕಲ್ಲನ್ನು ಮಾತ್ರವಲ್ಲ, ಅದರ ಅಡಿಯ ಗ್ರಾನೈಟನ್ನೂ ಸೀಳಿ ನುಚ್ಚುಮಾಡಿದೆ. ಗ್ರಾನೈಟ್ ಕರಗಿ ಕುಸಿಯುವ ಕಲ್ಲಲ್ಲ. ಬೇರು ಅಡಿಪಾಯಕ್ಕೇ ಇಳಿದಿದೆ ಎಂದಮೇಲೆ ಸುಣ್ಣದ ಕಲ್ಲು ಪಕ್ಕದಲ್ಲಿದ್ದರೂ ಕುಸಿತದ ವಾದ ನಿಲ್ಲುವುದಿಲ್ಲ.

ಗೋಡೆಯಲ್ಲಿ ಅಷ್ಟು ಆಳ ಕಾಣದಿದ್ದಾಗ ಒಡೆದ ಕಲ್ಲುಗಳ ಜಾತಕ ಕೇಳಿ. ಸ್ತರಭಂಗದಲ್ಲಿ ನುಚ್ಚು ಒಂದು ಪಟ್ಟಿಯಂತೆ ಸೀಳಿನುದ್ದಕ್ಕೂ ಇರುತ್ತದೆ; ಅರೆದ ಹಿಟ್ಟಿನಂಥ ಜೇಡಿ, ಸವೆದ ಚೂರುಗಳು ಸಿಗುತ್ತವೆ. ಕುಸಿತದಲ್ಲಿ ಮೇಲ್ಭಾಗದ ತುಂಡುಗಳು ಒಡೆದ ಮಡಕೆಯ ಓಡುಗಳಂತೆ ಇನ್ನೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಕೆಳಗಿಳಿದಂತೆ ಗೊಂದಲ ಹೆಚ್ಚುತ್ತದೆ, ತಳದಲ್ಲಿ ದಿಕ್ಕುದೆಸೆಯಿಲ್ಲದ ರಾಶಿ. ಆ ರಾಶಿಯಲ್ಲಿ ಮೇಲಿನ, ಅಂದರೆ ವಯಸ್ಸಿನಲ್ಲಿ ಚಿಕ್ಕ ಪದರದ ಕಲ್ಲುಗಳು ತಮ್ಮ ಮನೆಗಿಂತ ಎಷ್ಟೋ ಕೆಳಗೆ ಬಿದ್ದಿರುತ್ತವೆ. ಎಬ್ರೊದ ಉರುಟುಗಲ್ಲು ಜಿಪ್ಸಮ್‌ನ ನಡುವೆ ಸಿಕ್ಕಿತೇ? ಅದು ಅಲ್ಲಿಗೆ ಮೇಲಿನಿಂದ ಬಿದ್ದೇ ಬಂದಿರಬೇಕು. ಕರಗದೆ ಉಳಿದ ಜೇಡಿಯ ಗಸಿ, ಕೆಂಪು ಮಣ್ಣು, ಗುಹೆಯ ಗೋಡೆಯಲ್ಲಿ ಹೆಪ್ಪುಗಟ್ಟುವ ಪದರಪದರದ ಸುಣ್ಣ ಇವು ಇದ್ದರೆ ಸಾಕ್ಷ್ಯ ಗಟ್ಟಿಯಾಯಿತು.

ಲಕ್ಷಣ: ಸೀಳಿನ ಮೈಮೇಲೆ ಉಜ್ಜುಗೆರೆ

ಎರಡು ಬದಿಗಳು ಜಾರುವಾಗ ಜೇಡಿಯ ಮೇಲೆ ಗೀರು ಬೀಳುತ್ತದೆ. ಹತ್ತಿಪ್ಪತ್ತು ಕಡೆ ಅದರ ದಿಕ್ಕು ಅಳೆಯಿರಿ. ಸೀಳು ಯಾವ ದಿಕ್ಕಿಗೆ ತಿರುಗಿದ್ದರೂ ಗೀರು ಮಾತ್ರ ಯಾವಾಗಲೂ ನೇರ ಇಳಿಜಾರಿನಲ್ಲೇ ಇದ್ದರೆ ಗುರುತ್ವದ ಕೆಲಸ. ಗೀರುಗಳು ಪಕ್ಕಕ್ಕೆ ವಾಲಿ, ಪ್ರದೇಶದ ಇತರ ಸ್ತರಭಂಗಗಳ ಜೊತೆ ಒಂದೇ ಒತ್ತಡದ ದಿಕ್ಕಿಗೆ ಹೊಂದಿದರೆ ಹೊರಪದರದ ಕಡೆಗೆ ತೂಕ ಹೆಚ್ಚುತ್ತದೆ. ಗೀರು ಇದೆ ಎಂಬುದೊಂದೇ ಯಾವುದಕ್ಕೂ ಸಾಕ್ಷಿಯಲ್ಲ.

ಲಕ್ಷಣ: ಸೀಳಿನ ಬುಡದಲ್ಲಿ ಬೆಣೆಯಾಕಾರದ ಮಣ್ಣು

ಭೂಕಂಪದಲ್ಲಿ ನೆಲ ಒಮ್ಮೆಲೇ ಜಾರಿದಾಗ ಎದ್ದ ಮೆಟ್ಟಿಲಿನಿಂದ ಮಣ್ಣು ಉದುರಿ ಬುಡದಲ್ಲಿ ಬೆಣೆಯಂತೆ ಕೂಡುತ್ತದೆ. ಹಳೆಯ ಭೂಕಂಪಗಳ ಲೆಕ್ಕ ಹಿಡಿಯುವವರಿಗೆ ಇದು ಪ್ರಿಯವಾದ ಗುರುತು: ಒಂದು ಬೆಣೆ, ಒಂದು ಭೂಕಂಪ. ತೊಂದರೆಯೆಂದರೆ ಕುಸಿಗುಂಡಿಯೂ ಕೆಲವೊಮ್ಮೆ ಒಮ್ಮೆಲೇ ಇಳಿದು, ವರ್ಷಗಟ್ಟಲೆ ಸುಮ್ಮನಿದ್ದು, ಮತ್ತೆ ಇಳಿಯುತ್ತದೆ. ಎಬ್ರೊ ಕಣಿವೆಯ ಕುಸಿಗುಂಡಿಗಳಲ್ಲಿ ತೋಡಿದ ಕಂದಕಗಳಲ್ಲೂ ಹೀಗೆ ಹಂತಹಂತದ ಚಲನೆಯ ಗುರುತುಗಳು ಸಿಕ್ಕಿವೆ. ಬೆಣೆಯೊಂದೇ ಭೂಕಂಪದ ಪ್ರಮಾಣಪತ್ರವಲ್ಲ.

ನೋಡಬೇಕಾದದ್ದು ಪದರಗಳ ದಪ್ಪ. ಕುಸಿಯುತ್ತಿರುವ ಗುಂಡಿಯಲ್ಲಿ ನೀರು ನಿಂತು, ಕಪ್ಪು ಕೆಸರು ಕೂಡಿ, ನಡುವಿನಲ್ಲಿ ಪದರ ದಪ್ಪವಾಗಿ ಸುತ್ತಲೂ ತೆಳುವಾಗುತ್ತ ಹೋಗುತ್ತದೆ. ಸರಗೋಸಾ ಸುತ್ತಲಲ್ಲಿ ನದಿ ಜಲ್ಲಿ ಹಾಕುತ್ತಿದ್ದಾಗಲೇ ಕೆಳಗೆ ಜಿಪ್ಸಮ್ ಕರಗುತ್ತಿದ್ದುದರಿಂದ ಕೆಲವೆಡೆ ಮೆಕ್ಕಲಿನ ದಪ್ಪ 100 ಮೀಟರ್ ದಾಟಿದೆ. ಅನತಿ ದೂರದಲ್ಲಿ ಅದು ಮಾಮೂಲಿ ದಪ್ಪಕ್ಕೆ ಮರಳುತ್ತದೆ. ನದಿ ತುಂಬಿದಷ್ಟೂ ತಳ ಇಳಿಯುತ್ತಲೇ ಹೋಗಿದೆ.

ಮಣ್ಣಿನ ಸೀಳಿಗೆ ಮರಳು ತುಂಬಿದ್ದರೆ ಅದು ಬಂದ ದಿಕ್ಕನ್ನೂ ಗಮನಿಸಿ. ಕೆಳಗಿನ ಪದರದಿಂದ ಮೇಲಕ್ಕೆ ಚಿಮ್ಮಿದ ಮರಳು ನಡುಕದಿಂದ ಮಣ್ಣು ದ್ರವವಾದದ್ದರ ಸುಳಿವು. ಮೇಲಿನ ಮಣ್ಣು, ಬೇರು, ಬಸವನಹುಳುವಿನ ಚಿಪ್ಪು ಕೆಳಗೆ ಸುರಿದಿದ್ದರೆ ಕುಸಿತದ ಸುಳಿವು.

ಲಕ್ಷಣ: ಗುಂಡಿಗಳೆಲ್ಲ ಒಂದೇ ಸಾಲಿನಲ್ಲಿ ಬಿದ್ದಿವೆ

'ಸಾಲು ಎಂದರೆ ಸ್ತರಭಂಗ' ಎಂದು ಕಣ್ಣುಮುಚ್ಚಿ ಹೇಳುವವರು ಮೃತ ಸಮುದ್ರದ ದಡವನ್ನು ನೋಡಬೇಕು. 1980ರ ದಶಕದಿಂದ ಅಲ್ಲಿ ಸಾವಿರಾರು ಗುಂಡಿಗಳು ಬಿದ್ದಿವೆ. ಸಮುದ್ರದ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಹಿಂದೆ ಉಪ್ಪುನೀರಿನಲ್ಲಿ ಮುಳುಗಿ ಕ್ಷೇಮವಾಗಿದ್ದ ಉಪ್ಪಿನ ಪದರವನ್ನು ಈಗ ಸಿಹಿ ಅಂತರ್ಜಲ ತಲುಪಿ ಕರಗಿಸುತ್ತಿದೆ. ಗುಂಡಿಗಳು ಸಾಲುಸಾಲಾಗಿ ಇವೆ. ಅಡಗಿದ ಸ್ತರಭಂಗಗಳ ಮೇಲೆ ಸಾಲಾಗಿವೆ ಎಂದು ಕೆಲವರು, ಉಪ್ಪಿನ ಪದರದ ಅಂಚು ಎಲ್ಲಿದೆಯೋ ಅಲ್ಲಿ ಸಾಲಾಗಿವೆ ಎಂದು ಇನ್ನು ಕೆಲವರು ವಾದಿಸಿದ್ದಾರೆ. ಆ ಕಣಿವೆಯ ಸ್ತರಭಂಗಗಳು ಸಕ್ರಿಯ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ, ಆದರೂ ಗುಂಡಿ ಬೀಳಿಸುತ್ತಿರುವುದು ಕರಗುವ ಉಪ್ಪು. ಸಾಲು ತೋರಿಸುವುದು ನೀರು ಹಿಡಿದ ದಾರಿಯನ್ನು. ಆ ದಾರಿ ಸ್ತರಭಂಗವಿರಬಹುದು, ಬರಿಯ ಸೀಳಿರಬಹುದು, ಹೂತುಹೋದ ಹಳೆಯ ಹೊಳೆಯಿರಬಹುದು, ಸೋರುವ ಕಾಲುವೆಯೂ ಇರಬಹುದು.

ಲಕ್ಷಣ: ಮನೆ ಗೋಡೆ ಬಿರಿದಿದೆ, ನೆಲದಡಿ ಸದ್ದು ಕೇಳುತ್ತಿದೆ

ಜನ ದೂರು ಕೊಡುವುದು ಇದನ್ನೇ, ಪದರಗಳನ್ನು ಯಾರು ನೋಡುತ್ತಾರೆ? ನಮ್ಮ ಎರೆಭೂಮಿಯಲ್ಲಾದರೆ ಮೊದಲು ಕಾಲ ಕೇಳಿ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚುವ, ಎರಡು ಬದಿಗಳ ಮಟ್ಟ ಒಂದೇ ಆಗಿರುವ ಬಿರುಕು ಎರೆಮಣ್ಣಿನ ಉಸಿರಾಟ, ಅಷ್ಟೆ. ವರ್ಷವಿಡೀ ಒಂದೇ ದಿಕ್ಕಿಗೆ ಬೆಳೆಯುವ, ಒಂದು ಬದಿ ಇಳಿಯುವ ಬಿರುಕಾದರೆ ಎರಡೂ ಬದಿಗೆ ಮೊಳೆ ಹೊಡೆದು ತಿಂಗಳಿಗೊಮ್ಮೆ ಅಂತರ, ಎತ್ತರ ಅಳೆದು ದಿನಾಂಕದೊಂದಿಗೆ ಬರೆದಿಡಿ. ನಿಧಾನವಾಗಿ, ಬಿಡದೆ ಇಳಿಯುವುದು ಕಾರ್ಸ್ಟಿನ ನಡೆ. ಜಿಪ್ಸಮ್ ಮೇಲೆ ಕುಳಿತ ಸ್ಪೇನಿನ ಕಲತಾಯೂದ್ ಊರಿನಲ್ಲಿ ಸಾನ್ ಪೆದ್ರೊ ಚರ್ಚಿನ ಗೋಪುರ ಬೀದಿಯ ಕಡೆಗೆ ಎಷ್ಟು ವಾಲಿತೆಂದರೆ 19ನೇ ಶತಮಾನದಲ್ಲಿ ಅದರ ತಲೆಯನ್ನೇ ಕೆಡವಿದರು. ಭೂಕಂಪ ಒಂದೇ ಊರಿನ ಒಂದೇ ಗೋಪುರವನ್ನು ಹೀಗೆ ತಲೆಮಾರುಗಟ್ಟಲೆ ತಳ್ಳುತ್ತ ಕೂರುವುದಿಲ್ಲ.

2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನೆಲದಡಿಯ ಸದ್ದು, ನಡುಕಗಳಿಗೆ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದ್ದರು. ಆ ಅಕ್ಟೋಬರಿನಲ್ಲಿ 4ರ ಆಸುಪಾಸಿನ ಪ್ರಮಾಣದ ಕಂಪನವೂ ದಾಖಲಾಯಿತು. ಅಡಿಯಲ್ಲಿ ಸುಣ್ಣದ ಕಲ್ಲಿರುವ ಸೀಮೆಯಾದ್ದರಿಂದ 'ಟೊಳ್ಳು ಬೀಳುತ್ತಿದೆ' ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಇಲ್ಲಿ ತೀರ್ಪು ಕೊಡಬೇಕಾದದ್ದು ಕಿವಿಯಲ್ಲ, ಕಂಪನಮಾಪಕ. ಹಲವು ಮಾಪಕಗಳು ಒಂದೇ ಕಂಪನವನ್ನು ಹಿಡಿದು, ಅದರ ಆಳ ಕಿಲೋಮೀಟರ್ ಲೆಕ್ಕದಲ್ಲಿದ್ದರೆ ಅದು ಬಂಡೆಯೊಳಗಿನ ಜಾರಿಕೆ. ಆ ಆಳದಲ್ಲಿ ಬೀಳುವ ಚಾವಣಿ ಇಲ್ಲ. ಇನ್ನೊಂದು ಮಾತು, 4ರ ಪ್ರಮಾಣದ ಕಂಪನ ನೆಲದ ಮೇಲ್ಮೈಯನ್ನು ಸೀಳುವುದು ಬಹಳ ಅಪರೂಪ. ಅಂಥ ಕಂಪನದ ಮರುದಿನ ಹೊಲದಲ್ಲಿ ಗುಂಡಿ ಬಿದ್ದರೆ, ಮೊದಲೇ ಟೊಳ್ಳಾಗಿದ್ದ ನೆಲಕ್ಕೆ ಅಲುಗಾಟ ನೆಪವಾಗಿರಬಹುದು.

ಇಲ್ಲಿಂದಾಚೆಗೆ ಹಣ ಬೇಕು

ಇಷ್ಟಾದರೂ ಬಗೆಹರಿಯದಿದ್ದರೆ ಉಪಕರಣಗಳ ಸರದಿ. ನೆಲದೊಳಗೆ ಇಣುಕುವ ರೇಡಾರ್ ಒಣ ಜಲ್ಲಿಯಲ್ಲಿ ಚೆನ್ನಾಗಿ ನೋಡುತ್ತದೆ, ಜೇಡಿಮಣ್ಣಿನಲ್ಲಿ ಕುರುಡಾಗುತ್ತದೆ. ಎರೆಭೂಮಿಯಲ್ಲಿ ಅದಕ್ಕೆ ದುಡ್ಡು ಸುರಿಯಬೇಡಿ. ವಿದ್ಯುತ್ ನಿರೋಧದ ಸಮೀಕ್ಷೆಯಲ್ಲಿ ಗಾಳಿ ತುಂಬಿದ ಟೊಳ್ಳು ಹೆಚ್ಚಿನ ನಿರೋಧ ತೋರಿದರೆ ನೀರು, ಜೇಡಿ ತುಂಬಿದ್ದು ಕಡಿಮೆ ತೋರುತ್ತದೆ. ಹಾಗಾಗಿ ಒಂದೇ ಬಗೆಯ ಟೊಳ್ಳು ಎರಡು ವೇಷದಲ್ಲಿ ಬರುತ್ತದೆ. ಸೂಕ್ಷ್ಮ ಗುರುತ್ವ ಮಾಪನ ನಿಜವಾಗಿಯೂ ತೂಕ ಕಳೆದುಕೊಂಡ ಜಾಗವನ್ನು ಹುಡುಕುತ್ತದೆ. ಉಪಗ್ರಹದ ರೇಡಾರ್ ಚಿತ್ರಗಳನ್ನು ವರ್ಷಗಟ್ಟಲೆ ಹೋಲಿಸಿದರೆ ಮಿಲಿಮೀಟರ್ ಲೆಕ್ಕದ ಇಳಿತವೂ ಕಾಣುತ್ತದೆ: ದುಂಡಗಿನ ಇಳಿತವಾದರೆ ಒಂದು ಅರ್ಥ, ಗೆರೆಯ ಇಬ್ಬದಿಯ ಚಲನೆಯಾದರೆ ಇನ್ನೊಂದು. ಕೊಳವೆಬಾವಿ ಕೊರೆಸುವುದು ಕೊನೆಗೆ. ಸೀಳಿನ ಎರಡೂ ಬದಿಗೆ ಕೊರೆದು, ಕರಗುವ ಪದರದ ತಳ ಎರಡು ಕಡೆಯೂ ಒಂದೇ ಮಟ್ಟದಲ್ಲಿದೆಯೇ ನೋಡಿ. ತಳ ಒಂದೇ ಮಟ್ಟ, ಮೇಲಿನದು ಮಾತ್ರ ಪಲ್ಲಟವೆಂದರೆ ಬೇರು ಸಿಕ್ಕಂತೆ. ಕೊರೆಯುವಾಗ ಯಂತ್ರ ಒಳಗೆ ಸುತ್ತಿಸುವ ನೀರು ಕೂಡ ಕುಸಿತವನ್ನು ಬಡಿದೆಬ್ಬಿಸಬಲ್ಲದು. ಕೊರೆಯುವಾಗ ನೀರು ಹಠಾತ್ತನೆ ಮಾಯವಾದರೆ ಯಂತ್ರ ನಿಲ್ಲಿಸಿ, ಜನರನ್ನು ದೂರ ಕಳುಹಿಸಿ.

ಕಂದಕ ತೋಡುವುದಾದರೆ ಆಳ ಒಂದೂವರೆ ಮೀಟರ್ ಸಮೀಪಿಸುತ್ತಿದ್ದಂತೆ ಆಸರೆ ಕೊಡಬೇಕು, ಇಲ್ಲವೇ ಬದಿಗಳನ್ನು ಮೆಟ್ಟಿಲಾಗಿ ಕಡಿಯಬೇಕು. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬಾರದು. ಹಳೆಯ ಕುಸಿಗುಂಡಿಯೊಳಗೆ ತೋಡುವ ಕಂದಕಕ್ಕೆ ತಜ್ಞರಿಲ್ಲದೆ ಇಳಿಯಲೇಬೇಡಿ.

ಎಲ್ಲಿ ಕೈಬಿಡಬೇಕು

ಗುಂಡಿ ಗಂಟೆಗಳಲ್ಲಿ ಬೆಳೆಯುತ್ತಿದ್ದರೆ, ಹತ್ತಿರದ ಬಾವಿಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಬಾಗಿಲುಗಳು ಒಂದೊಂದಾಗಿ ಸಿಕ್ಕಿಕೊಳ್ಳತೊಡಗಿದರೆ, ರೈಲು ಹಳಿ, ಅನಿಲ ಕೊಳವೆ, ಕೆರೆಯ ಏರಿ ಹತ್ತಿರವಿದ್ದರೆ ನಿಮ್ಮ ಪರೀಕ್ಷೆ ಅಲ್ಲಿಗೆ ನಿಲ್ಲಲಿ. ಜನರನ್ನೂ ದನಕರುಗಳನ್ನೂ ದೂರ ಸರಿಸಿ, ಹಗ್ಗ ಕಟ್ಟಿ, ತಹಸೀಲ್ದಾರರ ಕಚೇರಿಗೆ ತಿಳಿಸಿ. ಕಂಪನದ ಸಂಗತಿಯಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ನೆಲದ ಪರಿಶೀಲನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವೆ. ಗುಂಡಿಗೆ ಕಸ, ಕಟ್ಟಡದ ಅವಶೇಷ ಸುರಿದು ಮುಚ್ಚಬೇಡಿ. ಅದರ ಬಾಯಿ ನೇರ ಅಂತರ್ಜಲಕ್ಕೆ ತೆರೆದಿರುತ್ತದೆ. ಇಂದು ಸುರಿದದ್ದು ನಾಳೆ ಪಕ್ಕದ ಊರಿನ ಬೋರ್‌ವೆಲ್‌ನಲ್ಲಿ ಬರುತ್ತದೆ.

ಎರಡೂ ಹೌದಾದರೆ

ಎಲ್ಲ ಪರೀಕ್ಷೆ ಮುಗಿದ ಮೇಲೂ ಅರ್ಧ ಲಕ್ಷಣ ಈ ಕಡೆ, ಅರ್ಧ ಆ ಕಡೆ ಉಳಿಯುವುದುಂಟು. ಆಗ ಕೈಚೆಲ್ಲಬೇಕಿಲ್ಲ; ಬಹುಶಃ ಸ್ತರಭಂಗ ಮೊದಲು ಕಲ್ಲನ್ನು ಸೀಳಿತು, ಸೀಳಿನಲ್ಲಿ ನೀರು ಇಳಿಯಿತು, ನೀರು ಕಲ್ಲನ್ನು ಕರಗಿಸಿತು, ಕರಗಿದ್ದು ಅದೇ ಸೀಳಿನುದ್ದಕ್ಕೂ ಕುಸಿಯಿತು. ಇಂಥ ಕಡೆ ಒಟ್ಟು ಪಲ್ಲಟವನ್ನು ಭೂಕಂಪದ ಖಾತೆಗೆ ಬರೆಯಬಾರದು. ಅದೇ ಸ್ತರಭಂಗವನ್ನು ಕರಗುವ ಕಲ್ಲಿಲ್ಲದ ಜಾಗದವರೆಗೆ ಹಿಂಬಾಲಿಸಿ, ಅಲ್ಲಿ ಅದೇ ವಯಸ್ಸಿನ ಪದರದ ಪಲ್ಲಟ ಅಳೆಯಿರಿ. ಅಲ್ಲಿ 40 ಸೆಂಟಿಮೀಟರ್ ಇದ್ದು ಜಿಪ್ಸಮ್ ಮೇಲೆ 2 ಮೀಟರ್ ಇದ್ದರೆ, ಸ್ತರಭಂಗದ ಪಾಲು ಹೆಚ್ಚೆಂದರೆ ಆ 40, ಉಳಿದ 1.6 ಮೀಟರ್ ಕರಗಿದ ಕಲ್ಲಿನದು. ಅಂಥ ಜಾಗವೇ ಸಿಗದಿದ್ದರೆ ಟಿಪ್ಪಣಿ ಪುಸ್ತಕದಲ್ಲಿ ಹೆಸರಿಡಲು ಹೋಗಬೇಡಿ. 'ಪಲ್ಲಟ 2 ಮೀಟರ್, ಓರೆ 75 ಡಿಗ್ರಿ ಹೊರಮುಖ, ಉದ್ದ 80 ಮೀಟರ್, ಬೇರು ಕಂಡಿಲ್ಲ' ಎಂದಷ್ಟೇ ಬರೆದು, ಗೋಡೆಯ ಫೋಟೊಗೆ ಅಳತೆ ಪಟ್ಟಿ ಸೇರಿಸಿ, ಮುಂದಿನ ಸಲ ಕ್ವಾರಿ ಇನ್ನಷ್ಟು ಆಳಕ್ಕೆ ಇಳಿದಾಗ ಮತ್ತೆ ಹೋಗಿ ನೋಡಿ.